ಮೂರು ವರ್ಷ ಪರ್ಡಿಗೆ ಕೊಡದೇ ಉಳಿಸಿದ ದುಡ್ಡು ಯಾರದ್ದು?

ಸಾಂತಾಕ್ಲಾರಾ_ಸ್ಟ್ಯಾಂಡ್ · 2025 ಏಪ್ರಿಲ್ 26

ಎರಡು ವಾರದಿಂದ ಎಲ್ಲಿ ಹೋದರೂ ಇದೇ ಮಾತು. ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಫಾರ್ಟಿನೈನರ್ಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಬ್ರಾಕ್ ಪರ್ಡಿಗೆ ಆಸೆ ಜಾಸ್ತಿ ಆಯಿತಂತೆ. ವರ್ಷಕ್ಕೆ 5 ಕೋಟಿ ಡಾಲರ್ ಮೇಲೆ ಕೇಳುತ್ತಿದ್ದಾನಂತೆ. ಅಷ್ಟು ಕೊಟ್ಟರೆ ಫಾರ್ಟಿನೈನರ್ಸ್ ಕಥೆ ಮುಗಿಯಿತು ಅಂತ ನಮ್ಮ ಬೇ ಏರಿಯಾ ಕನ್ನಡದವರೇ ಹೇಳುತ್ತಿದ್ದಾರೆ. ಮೊನ್ನೆ ಸನಿವೇಲ್‌ನಲ್ಲಿ ಸ್ನೇಹಿತರ ಮನೆಗೆ ಊಟಕ್ಕೆ ಹೋದಾಗಲೂ ಇದೇ ಚರ್ಚೆ. ಅಲ್ಲಿ ಸುಮ್ನೆ ಇದ್ದೆ. ಮನಸ್ಸಿನಲ್ಲಿ ಇದ್ದದ್ದನ್ನು ಇಲ್ಲಿ ಬರೆಯುತ್ತೇನೆ.

2022ರ ಡಿಸೆಂಬರ್ 4ರಂದು ನಾನು, ಮಗ ಲೀವೈಸ್ ಸ್ಟೇಡಿಯಂನಲ್ಲಿ ಇದ್ದೆವು. ಮಿಯಾಮಿ ಜೊತೆ ಪಂದ್ಯ. ಮೊದಲ ಕ್ವಾರ್ಟರಿನಲ್ಲೇ ಆಗಿನ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಗರಾಪಲೊ ಪಾದಕ್ಕೆ ಪೆಟ್ಟಾಯಿತು, ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್ ಸೆಪ್ಟೆಂಬರಿನಲ್ಲೇ ಕಾಲು ಮುರಿದುಕೊಂಡು ಕೂತಿದ್ದ. ಉಳಿದವನು ಪರ್ಡಿ ಒಬ್ಬನೇ. 13ನೇ ನಂಬರಿನ ಆ ಹುಡುಗ ಹೆಲ್ಮೆಟ್ ಪಟ್ಟಿ ಬಿಗಿದುಕೊಳ್ಳುತ್ತಾ ಓಡಿ ಬಂದ. ನಮ್ಮ ಮುಂದಿನ ಸಾಲಿನವರು ಜಾಕೆಟ್ ಹಾಕಿಕೊಂಡು ಎದ್ದು ನಿಂತಿದ್ದರು. ಎರಡು ಪಾಸ್ ನೋಡಿದರು, ಮತ್ತೆ ಕೂತರು. ಆ ದಿನ 33-17ರಿಂದ ಗೆದ್ದೆವು. ಮುಂದಿನ ವಾರ ಟಾಮ್ ಬ್ರೇಡಿಯ ತಂಡವನ್ನು 35-7ರಿಂದ ಸೋಲಿಸಿದೆವು.

ಈ ಹುಡುಗ 2022ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ) 262ನೇಯವನು. ಅಂದರೆ ಕಟ್ಟಕಡೆಯವನು. ಕೊನೆಗೆ ಸಿಕ್ಕವನಿಗೆ ಇಲ್ಲಿ ಒಂದು ಅಡ್ಡಹೆಸರೇ ಇದೆ, ಮಿಸ್ಟರ್ ಇರ್‌ರೆಲೆವೆಂಟ್ ಅಂತ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಆಟಕ್ಕುಂಟು ಲೆಕ್ಕಕ್ಕಿಲ್ಲ. ನಾಲ್ಕು ವರ್ಷಕ್ಕೆ ಒಟ್ಟು ಸುಮಾರು 37 ಲಕ್ಷ ಡಾಲರ್ ಒಪ್ಪಂದ. 2023ರಲ್ಲಿ ಅವನ ಸಂಬಳ 8.7 ಲಕ್ಷ. ಅದೇ ವರ್ಷ 4,280 ಯಾರ್ಡ್ ಎಸೆದು ತಂಡದ ದಾಖಲೆ ಮುರಿದ, ನಮ್ಮನ್ನು ಲೀಗಿನ ಫೈನಲ್ ಆದ ಸೂಪರ್ ಬೌಲ್‌ಗೆ ಕರೆದುಕೊಂಡು ಹೋದ. ಅವನ ಹಿಂದೆ ಬೆಂಚಿನಲ್ಲಿ ಕೂರುವುದಕ್ಕೆ ಬಂದ ಸ್ಯಾಮ್ ಡಾರ್ನಾಲ್ಡ್‌ಗೆ ಆ ವರ್ಷ ಕೊಟ್ಟಿದ್ದು 45 ಲಕ್ಷ. ಆಡುವವನಿಗೆ ಒಂದು, ಕಾಯುವವನಿಗೆ ಐದು.

ಈಗ ಅವನು ಕೇಳುತ್ತಿರುವುದು ದುರಾಸೆ ಅಂತ ನನಗೆ ಅನ್ನಿಸುವುದಿಲ್ಲ. ನಿಮಗೆ?

ಲೆಕ್ಕದವಳು · 2025 ಏಪ್ರಿಲ್ 26

ಸರ್, ಚೆನ್ನಾಗಿ ಬರೆದಿದ್ದೀರಿ. ಒಂದು ವಿಷಯ ಸೇರಿಸುತ್ತೇನೆ, ಯಾಕೆಂದರೆ ಬಹಳ ಜನಕ್ಕೆ ಇದು ಗೊತ್ತಿಲ್ಲ. ಕ್ಲಬ್ಬಿನವರು ಮನಸ್ಸು ಮಾಡಿದ್ದರೂ ಅವನಿಗೆ ಜಾಸ್ತಿ ಕೊಡುವ ಹಾಗೆ ಇರಲಿಲ್ಲ.

2011ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಹೊಸ ಒಪ್ಪಂದ ಆಯಿತು. ಅದಕ್ಕೆ ಮೊದಲು ಹೊಸಬರು ಚೌಕಾಸಿ ಮಾಡಬಹುದಿತ್ತು. 2010ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ, ಅದರಲ್ಲಿ 5 ಕೋಟಿ ಗ್ಯಾರಂಟಿ. ಮರುವರ್ಷ ಮೊದಲನೆಯವನಾದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ 2.2 ಕೋಟಿ. ಒಂದೇ ವರ್ಷದ ಅಂತರ. ಆಮೇಲಿಂದ ಎಷ್ಟನೇ ಆಯ್ಕೆಗೆ ಎಷ್ಟು ದುಡ್ಡು ಅಂತ ಹೆಚ್ಚುಕಮ್ಮಿ ಮೊದಲೇ ಬರೆದಿರುತ್ತದೆ. ಡ್ರಾಫ್ಟ್ ಆದವನು ಮೂರು ಸೀಸನ್ ಮುಗಿಯುವ ತನಕ ಒಪ್ಪಂದ ಬದಲಾಯಿಸುವ ಹಾಗಿಲ್ಲ. ಅಷ್ಟರಲ್ಲಿ ಅವನು ಪ್ರಪಂಚಕ್ಕೇ ಒಳ್ಳೆಯ ಆಟಗಾರ ಆದರೂ ಅಷ್ಟೇ.

ಈಗ ಇನ್ನೊಂದು ಲೆಕ್ಕ ನೋಡಿ. 2023ರಲ್ಲಿ ಒಂದು ತಂಡ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ 22.48 ಕೋಟಿ ಡಾಲರ್. ಅದರಲ್ಲಿ ಪರ್ಡಿ ಪಾಲು ನೂರಕ್ಕೆ ಅರ್ಧ ಡಾಲರ್ ಕೂಡ ಇರಲಿಲ್ಲ. ಬೇರೆ ತಂಡಗಳಲ್ಲಿ ದೊಡ್ಡ ಕ್ವಾರ್ಟರ್‌ಬ್ಯಾಕ್ ನೂರಕ್ಕೆ ಹದಿನೈದು, ಇಪ್ಪತ್ತು ತಿನ್ನುತ್ತಾನೆ. ಹಾಗೆ ಉಳಿದ ಜಾಗದಲ್ಲೇ ನಮ್ಮ ತಂಡ ಕಟ್ಟಿದ್ದು. 2023ರ ಮಾರ್ಚ್‌ನಲ್ಲಿ ಜಾವನ್ ಹಾರ್ಗ್ರೇವ್‌ಗೆ ನಾಲ್ಕು ವರ್ಷಕ್ಕೆ 8.4 ಕೋಟಿ. ಸೆಪ್ಟೆಂಬರಿನಲ್ಲಿ ನಿಕ್ ಬೋಸಾಗೆ ಐದು ವರ್ಷಕ್ಕೆ 17 ಕೋಟಿ. ಇವರೆಲ್ಲ ಅರ್ಹರೇ, ಎರಡು ಮಾತಿಲ್ಲ. ಆದರೆ ಆ ಜಾಗ ಯಾರಿಂದ ಉಳಿಯಿತು ಅನ್ನುವುದನ್ನು ಮರೆಯಬಾರದು.

ಸಿಯಾಟಲ್_ಸೋನೆ · 2025 ಏಪ್ರಿಲ್ 27

ನಾನು ಸಿಯಾಟಲ್‌ನ ಸೀಹಾಕ್ಸ್ ತಂಡದ ಕಡೆಯವನು. ಆದರೂ ಪರ್ಡಿ ಮೇಲೆ ಗೌರವ ಇದೆ. ಅವನು ಕೇಳುವುದು ತಪ್ಪಲ್ಲ. ಕೊಡುವವರು ಯೋಚನೆ ಮಾಡಬೇಕು, ಅಷ್ಟೇ.

ನಮ್ಮಲ್ಲಿ ಇದೇ ಕಥೆ ಹತ್ತು ವರ್ಷ ಮೊದಲೇ ಆಗಿದೆ. ನಮ್ಮ ಕ್ವಾರ್ಟರ್‌ಬ್ಯಾಕ್ ರಸ್ಸೆಲ್ ವಿಲ್ಸನ್ 2012ರಲ್ಲಿ 75ನೇ ಆಯ್ಕೆ. 2013ರಲ್ಲಿ ಅವನ ಸಂಬಳ 5.26 ಲಕ್ಷ. ಆ ಸೀಸನ್ ಕೊನೆಗೆ, 2014ರ ಫೆಬ್ರವರಿಯಲ್ಲಿ, ಡೆನ್ವರ್ ತಂಡವನ್ನು 43-8ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದೆವು. ಮರುವರ್ಷವೂ ಫೈನಲ್. 2015ರ ಜುಲೈನಲ್ಲಿ ಅವನಿಗೆ ನಾಲ್ಕು ವರ್ಷಕ್ಕೆ 8.76 ಕೋಟಿ ಕೊಟ್ಟರು. ಆಮೇಲೆ ಅವನು ಇದ್ದಷ್ಟು ದಿನ ಮತ್ತೆ ಸೂಪರ್ ಬೌಲ್ ಕಡೆ ತಲೆ ಹಾಕಲಿಲ್ಲ. ಒಬ್ಬೊಬ್ಬರೇ ಡಿಫೆನ್ಸ್‌ನವರು ಹೋದರು. ಇದು ವಿಲ್ಸನ್ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ತಟ್ಟೆ ಒಂದೇ, ಅದರಲ್ಲಿ ಒಬ್ಬರಿಗೆ ಜಾಸ್ತಿ ಬಡಿಸಿದರೆ ಇನ್ನೊಬ್ಬರಿಗೆ ಕಮ್ಮಿ ಆಗಲೇಬೇಕು.

ಕಳೆದ ವರ್ಷ ನಿಮ್ಮ ತಂಡ 6-11. ಪರ್ಡಿ ಎಸೆತದಲ್ಲಿ 20 ಟಚ್‌ಡೌನ್ (ಕೊನೆಗೆರೆ ದಾಟಿ ಅಂಕ), 12 ಇಂಟರ್‌ಸೆಪ್ಷನ್ (ಎದುರಾಳಿ ಕೈಸೇರಿದ ಎಸೆತ). ಈಗಾಗಲೇ ಡೀಬೋ ಸ್ಯಾಮ್ಯುಯೆಲ್ ವಾಷಿಂಗ್ಟನ್‌ಗೆ ಹೋದ. ಡ್ರೇ ಗ್ರೀನ್‌ಲಾ, ಹುಫಾಂಗಾ ಇಬ್ಬರೂ ಡೆನ್ವರ್‌ಗೆ. ಸುತ್ತ ಇದ್ದವರು ಇಲ್ಲದಿದ್ದರೆ ಪರ್ಡಿ ಎಷ್ಟು? ಕೋಚ್ ಶಾನಹನ್ ಹೇಳಿಕೊಡುವ ಆಟದಲ್ಲಿ ಯಾರು ಬೇಕಾದರೂ ಚೆನ್ನಾಗಿ ಕಾಣುತ್ತಾರೆ ಅಂತ ಒಂದು ಮಾತಿದೆ, ಅದನ್ನು ಪೂರ್ತಿ ತಳ್ಳಿಹಾಕಲು ನನಗೆ ಆಗುತ್ತಿಲ್ಲ.

ಸಾಂತಾಕ್ಲಾರಾ_ಸ್ಟ್ಯಾಂಡ್ · 2025 ಏಪ್ರಿಲ್ 27

ಯಾರು ಬೇಕಾದರೂ ಅನ್ನುವುದು ನಿಜ ಆಗಿದ್ದರೆ ಟ್ರೇ ಲ್ಯಾನ್ಸ್ ಇವತ್ತೂ ನಮ್ಮ ಕ್ವಾರ್ಟರ್‌ಬ್ಯಾಕ್ ಆಗಿರಬೇಕಿತ್ತು ಸರ್. 2021ರಲ್ಲಿ ಅವನನ್ನು 3ನೇ ಆಯ್ಕೆಯಾಗಿ ಪಡೆಯುವುದಕ್ಕೆ ಮೂರು ವರ್ಷದ ಮೊದಲ ಸುತ್ತಿನ ಆಯ್ಕೆಗಳನ್ನು ಮಿಯಾಮಿಗೆ ಬಿಟ್ಟುಕೊಟ್ಟರು. ನಾಲ್ಕು ವರ್ಷಕ್ಕೆ 3.41 ಕೋಟಿ, ಪೂರ್ತಿ ಗ್ಯಾರಂಟಿ. ಅದೇ ಶಾನಹನ್, ಅದೇ ಆಟ. ಪಾಪ, ಅವನಿಗೂ ಗಾಯ ಆಯಿತು, ಅವನನ್ನು ಬೈಯುವುದಕ್ಕೆ ಹೇಳುತ್ತಿಲ್ಲ. 2023ರ ಆಗಸ್ಟ್‌ನಲ್ಲಿ ನಾಲ್ಕನೇ ಸುತ್ತಿನ ಒಂದು ಆಯ್ಕೆಗೆ ಡಲ್ಲಾಸ್‌ಗೆ ಕಳಿಸಿದರು. ಆ ದೊಡ್ಡ ತಪ್ಪನ್ನು ಮುಚ್ಚಿದ್ದು 262ನೇ ಹುಡುಗ. ಅದಕ್ಕೂ ಒಂದು ಬೆಲೆ ಇದೆ ಅಲ್ವಾ?

ಹಾಸನದಿಂದ_ಹೇವರ್ಡ್ · 2025 ಏಪ್ರಿಲ್ 28

ನನಗೆ ಫುಟ್‌ಬಾಲ್ ಅಷ್ಟೊಂದು ಗೊತ್ತಿಲ್ಲ. ಈ ಚರ್ಚೆ ಓದುತ್ತಾ ನನ್ನದೇ ಒಂದು ವಿಷಯ ನೆನಪಾಯಿತು, ಬರೆಯುತ್ತೇನೆ.

ಓದು ಮುಗಿಸಿ ಬೆಂಗಳೂರಿನ ಒಂದು ಕಂಪನಿಗೆ ಸೇರಿದೆ. ಎರಡು ವರ್ಷದ ಬಾಂಡ್. ಡಿಗ್ರಿಯ ಮಾರ್ಕ್ಸ್ ಕಾರ್ಡ್ ಎಲ್ಲ ಒರಿಜಿನಲ್ ಅವರ ಹತ್ತಿರವೇ. ಆರು ತಿಂಗಳಿಗೆ ನಮ್ಮ ಟೀಮ್ ಲೀಡ್ ಕೆಲಸ ಬಿಟ್ಟರು. ಅವರ ಜಾಗಕ್ಕೆ ಯಾರನ್ನೂ ತರಲಿಲ್ಲ. ರಾತ್ರಿ ಹನ್ನೊಂದಕ್ಕೆ ಕ್ಲೈಂಟ್ ಕಾಲ್ ನಾನೇ ತೆಗೆದುಕೊಳ್ಳುತ್ತಿದ್ದೆ. ಹೊಸದಾಗಿ ಬಂದ ನಾಲ್ಕು ಜನಕ್ಕೆ ನಾನೇ ಕಲಿಸಿದೆ. ಸಂಬಳ ಮಾತ್ರ ಟ್ರೈನಿಯದ್ದೇ. ಕೇಳಿದಾಗಲೆಲ್ಲ ಬಾಂಡ್ ಮುಗಿಯಲಿ, ನೋಡೋಣ ಅನ್ನುತ್ತಿದ್ದರು. ಬಾಂಡ್ ಮುಗಿದ ತಿಂಗಳು ಹೋಗಿ ಲೀಡ್‌ಗೆ ಎಷ್ಟಿತ್ತೋ ಅಷ್ಟು ಕೊಡಿ ಅಂದೆ. ಮ್ಯಾನೇಜರ್ ಕುರ್ಚಿ ಹಿಂದಕ್ಕೆ ಸರಿಸಿ, ಏನಪ್ಪಾ, ಒಂದೇ ಸಲಕ್ಕೆ ಎರಡರಷ್ಟು ಕೇಳ್ತಿದ್ದೀಯಾ ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಎರಡು ವರ್ಷ ಅರ್ಧಕ್ಕೆ ದುಡಿದದ್ದು ಅವರ ಕಣ್ಣಿಗೆ ಬೀಳಲೇ ಇಲ್ಲ. ಕೊನೆಗೆ ಕೇಳಿದ ಎರಡರಷ್ಟು ಮಾತ್ರ ಕಂಡಿತು.

ಪರ್ಡಿ ದುಡ್ಡಿಗೂ ನನ್ನ ದುಡ್ಡಿಗೂ ಹೋಲಿಕೆ ಇಲ್ಲ, ಗೊತ್ತು. ಆದರೆ ದುರಾಸೆ ಅನ್ನುವ ಪದ ಕೇಳಿದ ಕೂಡಲೇ ಆ ಕುರ್ಚಿಯ ಸದ್ದು ನೆನಪಾಗುತ್ತದೆ.

ಆರ್‌ಸಿಬಿ_ನಿಷ್ಠ · 2025 ಏಪ್ರಿಲ್ 28

ಹಾಸನದ ಅಣ್ಣ, ಮನಸ್ಸಿಗೆ ತಟ್ಟಿತು.

ನಮ್ಮವರಿಗೆ ಅರ್ಥ ಆಗಬೇಕೆಂದರೆ ರಜತ್ ಪಾಟೀದಾರ್ ಸಾಕು. 2022ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ. ನಮ್ಮ ಕರ್ನಾಟಕದ ಲವನಿತ್ ಸಿಸೋಡಿಯಾ ಗಾಯಗೊಂಡ ಮೇಲೆ ಅವನ ಜಾಗಕ್ಕೆ 20 ಲಕ್ಷ ರೂಪಾಯಿಗೆ ಬಂದ. ಮೇ 25, ಈಡನ್ ಗಾರ್ಡನ್ಸ್, ಎಲಿಮಿನೇಟರ್ ಪಂದ್ಯ. ಲಖನೌ ಮೇಲೆ 54 ಎಸೆತಕ್ಕೆ 112, ನಾಟ್ ಔಟ್. ಆ ರಾತ್ರಿ ನಮ್ಮ ಬೀದಿಯಲ್ಲಿ ಯಾರೂ ಮಲಗಲಿಲ್ಲ. 2023ರಲ್ಲಿ ಹಿಮ್ಮಡಿ ಗಾಯ, ಪೂರ್ತಿ ಸೀಸನ್ ಹೋಯಿತು. ಮೊನ್ನೆ 11 ಕೋಟಿಗೆ ಉಳಿಸಿಕೊಂಡರು, ಈಗ ಅವನೇ ಕ್ಯಾಪ್ಟನ್. 20 ಲಕ್ಷದಿಂದ 11 ಕೋಟಿ ಆದಾಗ ನಮ್ಮಲ್ಲಿ ಒಬ್ಬರಾದರೂ ದುರಾಸೆ ಅಂದಿರಾ? ಎಲ್ಲರೂ ಅಬ್ಬಾ, ಕೊನೆಗೂ ಸಿಕ್ಕಿತು ಅಂದೆವು. ಪರ್ಡಿಗೆ ಮಾತ್ರ ಯಾಕೆ ಬೇರೆ ನ್ಯಾಯ?

ಡಲ್ಲಾಸ್_ಹೊಸಬ · 2025 ಏಪ್ರಿಲ್ 29

ಎಲ್ಲರಿಗೂ ನಮಸ್ಕಾರ. ಅಮೆರಿಕಕ್ಕೆ ಬಂದು ಎರಡು ವರ್ಷ, ಈಗಷ್ಟೇ ಆಟ ಕಲಿಯುತ್ತಿದ್ದೇನೆ. ಒಂದು ಪ್ರಶ್ನೆ. ಎಲ್ಲರೂ ಒಟ್ಟು ಮೊತ್ತ ಒಂದು ಹೇಳುತ್ತೀರಿ, ಗ್ಯಾರಂಟಿ ಇನ್ನೊಂದು ಹೇಳುತ್ತೀರಿ. ಸಹಿ ಹಾಕಿದ ಮೇಲೆ ಎಲ್ಲವನ್ನೂ ಕೊಡಬೇಕಲ್ವಾ? ಮತ್ತೆ ಪರ್ಡಿಗೆ ಇನ್ನೂ ಒಂದು ವರ್ಷ ಒಪ್ಪಂದ ಇದೆಯಂತಲ್ಲ, ಈಗಲೇ ಯಾಕೆ ಅವಸರ?

ಲೆಕ್ಕದವಳು · 2025 ಏಪ್ರಿಲ್ 29

ಒಳ್ಳೆಯ ಪ್ರಶ್ನೆ. ಈ ಮಾತುಕತೆಯ ಗಂಟು ಇರುವುದೇ ಇಲ್ಲಿ.

ಕೊಡಬೇಕಿಲ್ಲ. ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಹಿ ಹಾಕಿದ ದುಡ್ಡು ಬಹುಪಾಲು ಸಿಕ್ಕೇ ಸಿಗುತ್ತದೆ. ಇಲ್ಲಿ ಹಾಗಲ್ಲ. ಐದು ವರ್ಷದ ಒಪ್ಪಂದ ಅಂತ ಪತ್ರಿಕೆಯಲ್ಲಿ ಬರುತ್ತದೆ, ಮೂರನೇ ವರ್ಷಕ್ಕೆ ತೆಗೆದುಹಾಕಿದರೆ ಗ್ಯಾರಂಟಿ ಇಲ್ಲದ ದುಡ್ಡು ಅಲ್ಲಿಗೇ ಮುಗಿಯಿತು. ಹಾಗಾಗಿ ತಿಳಿದವರು ಒಟ್ಟು ಮೊತ್ತ ನೋಡುವುದಿಲ್ಲ, ಗ್ಯಾರಂಟಿ ಎಷ್ಟು, ಅದು ಯಾವಾಗ ಕೈಗೆ ಬರುತ್ತದೆ ಅಂತ ನೋಡುತ್ತಾರೆ. ಡೆಶಾನ್ ವಾಟ್ಸನ್‌ಗೆ 2022ರಲ್ಲಿ ಕ್ಲೀವ್‌ಲ್ಯಾಂಡ್ 23 ಕೋಟಿ ಪೂರ್ತಿ ಗ್ಯಾರಂಟಿ ಕೊಟ್ಟಿತು. ಅದಾದ ಮೇಲೆ ಬೇರೆ ಮಾಲೀಕರು ಆ ದಾರಿಗೆ ಬರಲಿಲ್ಲ. ಮರುವರ್ಷ ಲಾಮಾರ್ ಜಾಕ್ಸನ್ ಏಜೆಂಟ್ ಇಲ್ಲದೆ ತಾನೇ ಮಾತಾಡಿ 26 ಕೋಟಿ ಪಡೆದ, ಅದರಲ್ಲಿ ಗ್ಯಾರಂಟಿ 18.5 ಕೋಟಿ.

ಅವಸರದ ವಿಷಯ. ಪರ್ಡಿಯ ನಾಲ್ಕನೇ ವರ್ಷದ ಸಂಬಳ ಲೀಗಿನ ನಿಯಮದ ಪ್ರಕಾರವೇ ಏರಿ 50 ಲಕ್ಷ ದಾಟಿದೆ. ಆದರೂ ಅದು ಅವನ ದರದ ಹತ್ತನೇ ಒಂದು ಭಾಗ. ಆ ವರ್ಷ ಮುಗಿದ ಮೇಲೆ ಕ್ಲಬ್ ಕೈಯಲ್ಲಿ ಫ್ರಾಂಚೈಸ್ ಟ್ಯಾಗ್ ಇದೆ. ಬೇರೆ ತಂಡಕ್ಕೆ ಹೋಗದ ಹಾಗೆ ಒಂದು ವರ್ಷಕ್ಕೆ ಕಟ್ಟಿಹಾಕುವ ಹಗ್ಗ. ಈ ವರ್ಷ ಕ್ವಾರ್ಟರ್‌ಬ್ಯಾಕ್ ಟ್ಯಾಗ್ ಸುಮಾರು 4 ಕೋಟಿ. ಕರ್ಕ್ ಕಸಿನ್ಸ್‌ಗೆ ವಾಷಿಂಗ್ಟನ್ 2016, 2017 ಎರಡು ವರ್ಷ ಟ್ಯಾಗ್ ಹಾಕಿತು. ಅವನು ತಾಳ್ಮೆಯಿಂದ ಕಾದು, 2018ರಲ್ಲಿ ಮಿನ್ನೆಸೋಟಾಗೆ ಹೋಗಿ ಮೂರು ವರ್ಷಕ್ಕೆ 8.4 ಕೋಟಿ, ಪೂರ್ತಿ ಗ್ಯಾರಂಟಿ ಪಡೆದ. ಕಾಯಬಹುದು. ಆದರೆ ಕಾಯುವಾಗ ಮೈ ಗಟ್ಟಿ ಇರಬೇಕು.

ನಿಮ್ಮ ಊರಿನ ಡ್ಯಾಕ್ ಪ್ರೆಸ್ಕಾಟ್ ಕಥೆ ಕೇಳಿ. 2016ರಲ್ಲಿ 135ನೇ ಆಯ್ಕೆ, ನಾಲ್ಕು ವರ್ಷಕ್ಕೆ ಸುಮಾರು 27 ಲಕ್ಷ. 2020ರಲ್ಲಿ 3.14 ಕೋಟಿ ಟ್ಯಾಗ್ ಮೇಲೆ ಆಡುತ್ತಿದ್ದಾಗ ಅಕ್ಟೋಬರಿನಲ್ಲಿ ಪಾದದ ಕೀಲು ಮುರಿಯಿತು. ಗಾಡಿಯಲ್ಲಿ ಅಳುತ್ತಾ ಹೋದದ್ದನ್ನು ಟಿವಿಯಲ್ಲಿ ನೋಡಿದ್ದೇನೆ. ಕೈಯಲ್ಲಿ ದೀರ್ಘ ಒಪ್ಪಂದ ಇರಲಿಲ್ಲ. ಅವನ ಅದೃಷ್ಟಕ್ಕೆ 2021ರ ಮಾರ್ಚ್‌ನಲ್ಲಿ 16 ಕೋಟಿ ಸಿಕ್ಕಿತು. ಈಗ ವರ್ಷಕ್ಕೆ 6 ಕೋಟಿ, ಎಲ್ಲರಿಗಿಂತ ಮೇಲೆ. ಎಲ್ಲರಿಗೂ ಹಾಗೆ ಆಗುವುದಿಲ್ಲ.

ಸಾಂತಾಕ್ಲಾರಾ_ಸ್ಟ್ಯಾಂಡ್ · 2025 ಏಪ್ರಿಲ್ 30

ಮೇಡಂ ಗಾಯದ ಮಾತು ಎತ್ತಿದರು. ನನ್ನ ತಲೆಯಿಂದ ಹೋಗದ ಒಂದು ದೃಶ್ಯ ಇದೆ.

2023ರ ಜನವರಿ 29, ಫಿಲಡೆಲ್ಫಿಯಾ. ಗೆದ್ದರೆ ಸೂಪರ್ ಬೌಲ್. ಮೊದಲ ಸಲ ಚೆಂಡು ನಮ್ಮ ಕೈಗೆ ಬಂದಾಗಲೇ ಹಸಾನ್ ರೆಡ್ಡಿಕ್ ಬಂದು ಪರ್ಡಿ ಎಸೆಯುವ ಕೈಗೆ ಹೊಡೆದ. ಮೊಣಕೈ ಒಳಗಿನ ಲಿಗಮೆಂಟ್ ಹರಿಯಿತು. ಬದಲಿಗೆ ಬಂದ ಜಾಶ್ ಜಾನ್ಸನ್‌ಗೂ ತಲೆಗೆ ಪೆಟ್ಟು. ಬೇರೆ ಯಾರೂ ಇಲ್ಲ. ಪರ್ಡಿ ಮತ್ತೆ ಬಂದ. ಎಸೆಯಲು ಆಗುತ್ತಿರಲಿಲ್ಲ. ಚೆಂಡು ತೆಗೆದುಕೊಂಡು ಪಕ್ಕದವನ ಹೊಟ್ಟೆಗೆ ಇಡುವುದು, ಪಕ್ಕಕ್ಕೆ ಸರಿಯುವುದು. ಮತ್ತೆ ಅದೇ. ಎದುರಾಳಿಗೂ ಗೊತ್ತು, ನಮಗೂ ಗೊತ್ತು. 31-7ರಿಂದ ಸೋತೆವು. ನನ್ನ ಮಗ ಆಗ ಒಂಬತ್ತು ವರ್ಷದವನು. ಅಪ್ಪ, ನೋವಾಗ್ತಿದ್ರೂ ಯಾಕೆ ಆಡ್ತಿದ್ದಾನೆ ಅಂತ ಕೇಳಿದ. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಆ ಸೀಸನ್ ಅವನ ಸಂಬಳ 7.05 ಲಕ್ಷ. ಮಾರ್ಚ್‌ನಲ್ಲಿ ಆಪರೇಷನ್. ಆ ಕೈ ಸರಿ ಹೋಗದೇ ಇದ್ದಿದ್ದರೆ? 23 ವರ್ಷಕ್ಕೆ ಎಲ್ಲ ಮುಗಿಯುತ್ತಿತ್ತು. ಅಭಿಮಾನಿಗಳಾದ ನಾವು ಒಂದು ವಾರ ಬೇಜಾರು ಮಾಡಿಕೊಂಡು ಮುಂದಿನ ಹುಡುಗನ ಹೆಸರು ಹುಡುಕುತ್ತಿದ್ದೆವು. ಇದನ್ನು ಬರೆಯುವಾಗ ನನಗೇ ಸಂಕಟ ಆಗುತ್ತದೆ.

ಇಷ್ಟಾದರೂ ಈ ತಿಂಗಳು ಹೊಸ ಒಪ್ಪಂದ ಇಲ್ಲದೆಯೇ ತರಬೇತಿಗೆ ಬಂದಿದ್ದಾನೆ. ಬರಲೇಬೇಕು ಅಂತ ಏನೂ ಇರಲಿಲ್ಲ.

ಸಿಯಾಟಲ್_ಸೋನೆ · 2025 ಏಪ್ರಿಲ್ 30

ಆ ಪಂದ್ಯ ನಾನೂ ನೋಡಿದ್ದೆ. ಅಲ್ಲಿ ನಿಮ್ಮ ಮಾತಿಗೆ ಎದುರಾಡಲ್ಲ. ಆದರೂ ನನ್ನ ಪ್ರಶ್ನೆ ಹಾಗೇ ಉಳಿದಿದೆ. ನ್ಯಾಯ ಒಂದು ಕಡೆ, ತಂಡ ಕಟ್ಟುವುದು ಇನ್ನೊಂದು ಕಡೆ. ನಿಮ್ಮ ಜನರಲ್ ಮ್ಯಾನೇಜರ್ ಜಾನ್ ಲಿಂಚ್ ಕುರ್ಚಿಯಲ್ಲಿ ಕೂತವರು ಎರಡನ್ನೂ ನೋಡಬೇಕು. 4.5 ಕೋಟಿಗೆ ಮುಗಿದರೆ ಇಬ್ಬರಿಗೂ ಒಳ್ಳೆಯದು ಅಂತ ನನ್ನ ಅನಿಸಿಕೆ.

ಲೆಕ್ಕದವಳು · 2025 ಏಪ್ರಿಲ್ 30

4.5ಕ್ಕೆ ಆಗುವುದಿಲ್ಲ ಸರ್. ಬೇರೆ ಕ್ವಾರ್ಟರ್‌ಬ್ಯಾಕ್‌ಗಳಿಗೆ ವರ್ಷಕ್ಕೆ ಎಷ್ಟು ಕೋಟಿ ನೋಡಿ: ಜ್ಯಾರೆಡ್ ಗಾಫ್ 5.3, ಟುವಾ 5.31. ಬರೋ, ಲಾರೆನ್ಸ್, ಲವ್ ಮೂವರೂ 5.5. ಮೊನ್ನೆ ಮಾರ್ಚ್‌ನಲ್ಲಿ ಜಾಶ್ ಆಲನ್‌ಗೂ ವರ್ಷಕ್ಕೆ 5.5, ಗ್ಯಾರಂಟಿ 25 ಕೋಟಿ. ತಂಡದ ಸಂಬಳದ ಮಿತಿಯೇ 2022ರಲ್ಲಿ 20.82 ಕೋಟಿ ಇದ್ದದ್ದು ಈಗ 27.92 ಕೋಟಿ. ತಟ್ಟೆ ಒಂದೇ ಅಂದಿರಿ, ಆದರೆ ತಟ್ಟೆ ವರ್ಷವರ್ಷ ದೊಡ್ಡದಾಗುತ್ತಿದೆ. ಗಾಫ್ ಹತ್ತಿರಹತ್ತಿರ ಮುಗಿಯುತ್ತದೆ ಅಂತ ನನ್ನ ಲೆಕ್ಕ.

ಸಾಂತಾಕ್ಲಾರಾ_ಸ್ಟ್ಯಾಂಡ್ · 2025 ಮೇ 17

ನಿನ್ನೆ ಆಯಿತು! ಐದು ವರ್ಷಕ್ಕೆ 26.5 ಕೋಟಿ. ವರ್ಷಕ್ಕೆ 5.3. ಗ್ಯಾರಂಟಿ 18.1 ಕೋಟಿ. 2030ರ ತನಕ ನಮ್ಮವನು. ಮೇಡಂ, ನಿಮ್ಮ ಲೆಕ್ಕ ಪಕ್ಕಾ. ಮಗನಿಗೆ ಹೇಳಿದೆ, ಅವನು ಗೋಡೆಗೆ ನೇತುಹಾಕಿದ್ದ 13ನೇ ನಂಬರಿನ ಜೆರ್ಸಿ ತೆಗೆದು ಹಾಕಿಕೊಂಡು ಸ್ಕೂಲಿಗೆ ಹೋದ. ಈಗ ಅದು ಅವನಿಗೆ ಬಿಗಿ ಆಗುತ್ತದೆ.

ಆರ್‌ಸಿಬಿ_ನಿಷ್ಠ · 2025 ಮೇ 17

ಅಬ್ಬಾ, ಕೊನೆಗೂ ಸಿಕ್ಕಿತು.

ಡಲ್ಲಾಸ್_ಹೊಸಬ · 2025 ಮೇ 17

ಅಭಿನಂದನೆ ಸರ್. ಆದರೆ ಈ ವರ್ಷವೇ 5.3 ಕೋಟಿ ಮಿತಿಯಿಂದ ಹೋದರೆ ಬೇರೆಯವರಿಗೆ ಏನು ಉಳಿಯುತ್ತದೆ?

ಲೆಕ್ಕದವಳು · 2025 ಮೇ 18

ಈ ವರ್ಷ ಅಷ್ಟು ಹೋಗುವುದಿಲ್ಲ. ಸಹಿ ಹಾಕಿದ್ದಕ್ಕೆ 4 ಕೋಟಿ ಬೋನಸ್ ಕೈಗೆ ಬರುತ್ತದೆ. ಆದರೆ ಪುಸ್ತಕದಲ್ಲಿ ಅದನ್ನು ಐದು ವರ್ಷಕ್ಕೆ ಹಂಚಿ ಬರೆಯಬಹುದು, ವರ್ಷಕ್ಕೆ 80 ಲಕ್ಷ. ಅದರ ಮೇಲೆ ಈ ವರ್ಷದ ಮೂಲ ಸಂಬಳ ಸುಮಾರು 11 ಲಕ್ಷ. ಒಟ್ಟು ಲೆಕ್ಕಕ್ಕೆ ಬರುವುದು 90 ಲಕ್ಷದ ಆಸುಪಾಸು. ಮನೆ ಸಾಲದ ಕಂತಿನ ಹಾಗೆ ಅಂದುಕೊಳ್ಳಿ. ಭಾರ ಮುಂದಿನ ವರ್ಷಗಳ ಮೇಲೆ ಬೀಳುತ್ತದೆ, ಅಷ್ಟರಲ್ಲಿ ಮಿತಿಯೂ ಏರಿರುತ್ತದೆ ಅನ್ನುವುದು ಅವರ ನಂಬಿಕೆ. ಸಿಯಾಟಲ್ ಸರ್ ಭಯ ಸುಳ್ಳಲ್ಲ, ಅದು ಎರಡು ವರ್ಷ ಮುಂದಕ್ಕೆ ಹೋಗಿದೆ.

ಸಿಯಾಟಲ್_ಸೋನೆ · 2025 ಸೆಪ್ಟೆಂಬರ್ 14

ಈ ಚರ್ಚೆಯನ್ನು ಮತ್ತೆ ಮೇಲೆ ತರುತ್ತಿದ್ದೇನೆ. ಕಳೆದ ಭಾನುವಾರ ಲ್ಯೂಮೆನ್ ಫೀಲ್ಡ್‌ನಲ್ಲಿ ನಿಮ್ಮ ತಂಡದ ಮೊದಲ ಪಂದ್ಯ ನೋಡಲು ಹೋಗಿದ್ದೆ. 17-13ರಿಂದ ನಾವು ಸೋತೆವು. ಕೊನೆಯ ಎರಡು ನಿಮಿಷದ ಒಳಗೆ ಆ ಟಚ್‌ಡೌನ್ ಎಸೆದದ್ದು ಪರ್ಡಿ. ಮರುದಿನ ಗೊತ್ತಾಯಿತು, ಕಾಲ್ಬೆರಳಿಗೂ ಭುಜಕ್ಕೂ ಪೆಟ್ಟು ಬಿದ್ದಿತ್ತಂತೆ. ಇವತ್ತು ಅವನ ಬದಲು ಮ್ಯಾಕ್ ಜೋನ್ಸ್ ಆಡುತ್ತಿದ್ದಾನೆ.

ಒಪ್ಪಂದ ಆಗದೇ ಇದ್ದಿದ್ದರೆ ಇವತ್ತು ಅವನು ಗ್ಯಾರಂಟಿ ಇಲ್ಲದ ಕೊನೇ ವರ್ಷದಲ್ಲಿ ಗಾಯ ಹಿಡಿದು ಕೂತಿರುತ್ತಿದ್ದ. ಏಪ್ರಿಲ್‌ನಲ್ಲಿ ನಾನು ಆ ಕಡೆಯಿಂದ ಯೋಚಿಸಿರಲಿಲ್ಲ. ಸಾಂತಾಕ್ಲಾರಾ ಸರ್, ಆ ವಿಷಯದಲ್ಲಿ ನಿಮ್ಮ ಮಾತೇ ಸರಿ.

ಸಾಂತಾಕ್ಲಾರಾ_ಸ್ಟ್ಯಾಂಡ್ · 2025 ಸೆಪ್ಟೆಂಬರ್ 14

ನೀವು ಹೀಗೆ ಬರೆದದ್ದಕ್ಕೆ ತುಂಬಾ ಖುಷಿ ಸರ್. ಬೇಗ ವಾಸಿ ಆಗಲಿ ಅಂತ ಬೇಡಿಕೊಳ್ಳುತ್ತಿದ್ದೇನೆ.

ಹಾಸನದಿಂದ_ಹೇವರ್ಡ್ · 2025 ಸೆಪ್ಟೆಂಬರ್ 14

ಆ ಕೊನೆಯ ಚೆಂಡು ಹಿಡಿದವನು ಯಾರು? ಅವನ ಹೆಸರು ಮೊದಲು ಕೇಳಿರಲಿಲ್ಲ.

ಲೆಕ್ಕದವಳು · 2025 ಸೆಪ್ಟೆಂಬರ್ 14

ಜೇಕ್ ಟಾಂಜಸ್. ಜಾರ್ಜ್ ಕಿಟಲ್ ಗಾಯಗೊಂಡು ಹೊರಗೆ ಹೋದ ಮೇಲೆ ಬಂದವನು. ಪರ್ಡಿ ಕೊನೆಯವನಾಗಿ ಆಯ್ಕೆಯಾದ ಅದೇ 2022ರ ಡ್ರಾಫ್ಟ್‌ನಲ್ಲಿ ಇವನೂ ಇದ್ದ. ಆ 262 ಹೆಸರುಗಳಲ್ಲಿ ಇವನ ಹೆಸರು ಬರಲೇ ಇಲ್ಲ.

ಹಾಸನದಿಂದ_ಹೇವರ್ಡ್ · 2025 ಸೆಪ್ಟೆಂಬರ್ 14

ಅವನ ಸಂಬಳ ಎಷ್ಟು ಮೇಡಂ?